ಚಳಿಗಾಲದ ಗಾಳವೂ ಕೊರವ ಮೀನಿನ ಸಂಸಾರವೂ

ಈಶಾನ್ಯ ಮಾರುತದ ಮಳೆ ಹಿಂದೆಗೆದು, ಧನುರ್ಮಾಸದ ಮುಂಜಾವಿನ ತಂಪು ಚೆನ್ನೈ ನಗರವನ್ನು ಮುಟ್ಟುವ ವೇಳೆಗೆ, ಪಟ್ಟಣದ ಸುತ್ತಣ ಕೆರೆಗಳ ಏರಿಯ ಮೇಲೆ ಒಂದು ಬಗೆಯ ಜನರು ಕಾಣಿಸಿಕೊಳ್ಳುವುದುಂಟು. ಕೆಲವರ ಕೈಯಲ್ಲಿ ಬರಿಯ ಬಿದಿರ ಕಡ್ಡಿ. ಕೆಲವರ ಕೈಯಲ್ಲಿ ರೀಲು ಜೋಡಿಸಿದ ಹೊಸಬಗೆಯ ಕೋಲು. ಹೆಗಲಿಗೊಂದು ಚೀಲ, ಚೀಲದಲ್ಲಿ ಎರೆಹುಳುವಿನ ಡಬ್ಬಿ, ನಾಲ್ಕಾರು ಕೊಕ್ಕೆ, ಮಧ್ಯಾಹ್ನದ ಬುತ್ತಿ. ತಮಿಳರು ‘ತೂಂಡಿಲ್’ ಎಂದು ಕರೆಯುವ ಆ ಸಾಧನವೇ ನಮ್ಮ ಊರಿನ ಗಾಳ. ಪೊರೂರು, ಅಂಬತ್ತೂರು, ಕೊರಟ್ಟೂರು, ರೆಟ್ಟೇರಿ ಮೊದಲಾದ ಕೆರೆಗಳ ಅಂಚಿನಲ್ಲಿ ಮೌನವಾಗಿ ನಿಂತಿರುವ ಈ ಜನರಲ್ಲಿ ಗುಮಾಸ್ತನೂ ಉಂಟು, ಆಟೋ ನಡೆಸುವವನೂ ಉಂಟು, ಕಾಲೇಜಿನ ಹುಡುಗನೂ ಉಂಟು. ವಾರವೆಲ್ಲ ದುಡಿದ ಕೈಗೆ ಒಂದು ದಿನದ ವಿಶ್ರಾಂತಿಯನ್ನು ನೀರಿನ ಬದಿಯಲ್ಲಿ ಕಳೆಯಬೇಕೆಂಬುದು ಎಲ್ಲರ ಬಯಕೆ.

ನಮ್ಮವರಲ್ಲಿಯೂ ಈ ಹವ್ಯಾಸ ಇಲ್ಲದಿಲ್ಲ. ಉಡುಪಿ ಹೋಟೆಲುಗಳ ಅಡಿಗೆಮನೆಗೆ ಮೀನು ಕಾಲಿಡುವುದಿಲ್ಲವೆಂಬುದು ಸರ್ವವಿದಿತ. ಆದರೆ ಆ ಅಡಿಗೆಮನೆಗಳಲ್ಲಿ ದುಡಿಯುವವರಲ್ಲಿ ಎಷ್ಟೋ ಮಂದಿ ಸೀತಾ, ಸುವರ್ಣಾ, ಸೌಪರ್ಣಿಕಾ, ನೇತ್ರಾವತಿಗಳ ದಡದಲ್ಲಿ ಬೆಳೆದವರು; ಶಾಲೆ ತಪ್ಪಿಸಿ ತೋಡಿನಲ್ಲಿ ಗಾಳ ಇಳಿಬಿಟ್ಟ ನೆನಪನ್ನು ಮದರಾಸು ಮೈಲಿಗೆ ಹತ್ತುವಾಗ ಟ್ರಂಕಿನ ಜೊತೆಗೆ ಹೊತ್ತು ತಂದವರು. ಮೀನು ತಿನ್ನುವವರು ತಿನ್ನುವ ದೃಷ್ಟಿಯಿಂದಲೂ, ತಿನ್ನದವರು ನೋಡುವ ದೃಷ್ಟಿಯಿಂದಲೂ ಅರಿಯತಕ್ಕ ಒಂದು ಸಂಗತಿ ಈ ಚಳಿಗಾಲದ ಕೆರೆಗಳಲ್ಲಿ ನಡೆಯುತ್ತದೆ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಅಮೆರಿಕದ ಬಾಸ್, ನಮ್ಮ ಕೊರವ

ಗಾಳದ ಹವ್ಯಾಸವನ್ನು ಒಂದು ಶಾಸ್ತ್ರದ ಮಟ್ಟಕ್ಕೆ ಏರಿಸಿದವರು ಅಮೆರಿಕದವರು. ಅಲ್ಲಿನ ಕೆರೆಗಳ ರಾಜನೆಂದರೆ ದೊಡ್ಡ ಬಾಯಿಯ ‘ಬಾಸ್’ ಮೀನು. (ಕಚೇರಿಯಲ್ಲಿ ನಮ್ಮ ಗುಮಾಸ್ತ ಮಿತ್ರರು ಹೆದರುವ ಬಾಸಿಗೂ ಇದಕ್ಕೂ ಸಂಬಂಧವಿಲ್ಲ, ಬಾಯಿ ದೊಡ್ಡದೆಂಬ ಹೋಲಿಕೆಯನ್ನು ಬೇಕಾದವರು ಇಟ್ಟುಕೊಳ್ಳಬಹುದು.) ೧೯೩೨ರ ಜೂನ್ ತಿಂಗಳಲ್ಲಿ ಜಾರ್ಜಿಯಾ ಸಂಸ್ಥಾನದಲ್ಲಿ ಜಾರ್ಜ್ ಪೆರಿ ಎಂಬಾತ ಹಿಡಿದ ಬಾಸ್ ೨೨ ಪೌಂಡು ೪ ಔನ್ಸು, ಎಂದರೆ ಸುಮಾರು ಹತ್ತು ಕಿಲೋ ತೂಗಿತು. ಆ ದಾಖಲೆಯನ್ನು ಸರಿಗಟ್ಟುವ ಮೀನು ಸಿಕ್ಕಿದ್ದು ಎಪ್ಪತ್ತೇಳು ವರ್ಷಗಳ ಮೇಲೆ, ೨೦೦೯ರಲ್ಲಿ, ಅದೂ ಜಪಾನಿನ ಬಿವಾ ಸರೋವರದಲ್ಲಿ. ಜಪಾನಿಗೆ ಈ ಮೀನನ್ನು ೧೯೨೫ರಲ್ಲಿ ಅಮೆರಿಕದಿಂದ ತಂದು ಬಿಟ್ಟಿದ್ದರು.

ಬಾಸ್ ಶೀತದೇಶದ ಋತುಚಕ್ರಕ್ಕೆ ಹೊಂದಿಕೊಂಡ ಜೀವಿ. ಚಳಿಗಾಲದಲ್ಲಿ ಅದು ಆಳದ ನೀರಿಗಿಳಿದು, ಮೈಯ ಚಟುವಟಿಕೆಯನ್ನೆಲ್ಲ ತಗ್ಗಿಸಿ, ಅಲ್ಪಾಹಾರದಲ್ಲಿ ದಿನ ಕಳೆಯುತ್ತದೆ. ವಸಂತದಲ್ಲಿ ನೀರು ಬೆಚ್ಚಗಾಗತೊಡಗಿದೊಡನೆ ದಡದ ಕಡೆಗೆ ಸರಿದುಬಂದು ಹೊಟ್ಟೆತುಂಬ ತಿನ್ನುತ್ತದೆ. ಮೊಟ್ಟೆಯಿಡುವ ಮುಂಚಿನ ಆ ಕೆಲವು ವಾರಗಳೇ ಗಾಳದವನ ಸುಗ್ಗಿ. ನೀರಿನ ಉಷ್ಣತೆ ಹದಿನಾರು ಹದಿನೆಂಟು ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಗಂಡು ಮೀನು ಬಾಲದಿಂದ ತಳವನ್ನು ಗುಡಿಸಿ ಬಟ್ಟಲಿನಂಥ ಗುಳಿಮಾಡಿ, ಹೆಣ್ಣು ಅದರಲ್ಲಿ ಮೊಟ್ಟೆಯಿಟ್ಟು ಹೋದ ಬಳಿಕ, ತಾನೊಬ್ಬನೇ ಕಾವಲು ನಿಲ್ಲುತ್ತದೆ.

ಬಾಸ್ ನಮ್ಮ ಕೆರೆಗಳ ಮೀನಲ್ಲ. ಆದರೆ ಅದೇ ಸ್ವಭಾವದ, ಅದೇ ಹಸಿವಿನ, ಅದೇ ಪಿತೃವಾತ್ಸಲ್ಯದ ಮೀನೊಂದು ಚೆನ್ನೈಯ ಕೆರೆಗಳಲ್ಲಿ ಅನಾದಿಯಿಂದ ಉಂಟು. ತಮಿಳಿನಲ್ಲಿ ಅದು ‘ವಿರಾಲ್’, ತೆಲುಗಿನಲ್ಲಿ ‘ಕೊರ್ರಮೀನು’, ಕನ್ನಡದಲ್ಲಿ ‘ಕೊರವ’, ಕೆಲವು ಕಡೆ ‘ಕುಚ್ಚು’. ತಲೆ ಹಾವಿನ ತಲೆಯನ್ನು ಹೋಲುವುದರಿಂದ ಇಂಗ್ಲಿಷರು ಇದನ್ನು ಹಾವುತಲೆಯ ಮೀನೆಂದು ಕರೆದರು. ನಗರದ ಮೀನು ಪೇಟೆಗಳಲ್ಲಿ ನೀರಿನ ತೊಟ್ಟಿಯೊಳಗೆ ಜೀವಂತವಾಗಿ ಹೊರಳಾಡುತ್ತಿರುವ ಕಪ್ಪು ಮೈಯ ಮೀನು ಇದೇ. ಸಿಹಿನೀರಿನ ಮೀನುಗಳಲ್ಲಿ ಇದರ ಬೆಲೆ ಮೇಲ್ತರದ್ದು. ಕಾಯಿಲೆಯಿಂದ ಎದ್ದವರಿಗೆ ಪಥ್ಯವಾಗಿ ಕೊಡುವ ರೂಢಿಯೂ ಉಂಟು. ತೆಲಂಗಾಣ ರಾಜ್ಯವು ೨೦೧೬ರಲ್ಲಿ ಇದನ್ನೇ ತನ್ನ ರಾಜ್ಯಮೀನೆಂದು ಸಾರಿತು. ಹೈದರಾಬಾದಿನಲ್ಲಿ ಮೃಗಶಿರಾ ಮಳೆ ಹಿಡಿಯುವ ದಿನ ಉಬ್ಬಸದ ರೋಗಿಗಳು ಮದ್ದಿನೊಡನೆ ನುಂಗುವ ಸಣ್ಣ ಮೀನು ಕೂಡ ಕೊರವದ ಮರಿಯೇ. ಆ ಮದ್ದಿನ ಗುಣಕ್ಕೆ ವೈದ್ಯಶಾಸ್ತ್ರದ ಆಧಾರ ದೊರೆತಿಲ್ಲವಾದರೂ, ಮಳೆಗೂ ಈ ಮೀನಿಗೂ ಉಳ್ಳ ನಂಟನ್ನು ನಮ್ಮ ಹಿರಿಯರು ಗುರುತಿಸಿದ್ದರೆಂಬುದಕ್ಕೆ ಅದೊಂದು ಸಾಕ್ಷಿ.

ಗಾಳಿಯನ್ನು ಕುಡಿಯುವ ಮೀನು

ಕೊರವದ ವಿಶೇಷವೆಂದರೆ ಅದಕ್ಕೆ ಕಿವಿರುಗಳ ಉಸಿರಾಟವೊಂದೇ ಸಾಲದು. ತಲೆಯೊಳಗೆ, ಕಿವಿರುಗಳ ಮೇಲ್ಭಾಗದಲ್ಲಿ, ಗಾಳಿಯನ್ನು ಹೀರುವ ಒಂದು ಗೂಡುಂಟು. ಆಗಾಗ ಮೇಲಕ್ಕೆ ಬಂದು ಒಂದು ಗುಟುಕು ಗಾಳಿಯನ್ನು ನುಂಗದಿದ್ದರೆ ನೀರಿನೊಳಗಿದ್ದೂ ಅದು ಉಸಿರುಗಟ್ಟಿ ಸಾಯುತ್ತದೆ. ಈ ಗುಣದಿಂದಲೇ ಪ್ರಾಣವಾಯು ಕಡಮೆಯಾದ ಕೆಸರು ಹೊಂಡಗಳಲ್ಲಿಯೂ ಅದು ಬಾಳಬಲ್ಲುದು; ಬೇಸಗೆಯಲ್ಲಿ ಕೆರೆ ಬತ್ತಿದರೆ ಹಸಿಮಣ್ಣಿನಲ್ಲಿ ಹುದುಗಿ ಮುಂದಿನ ಮಳೆಗೆ ಕಾದಿರಬಲ್ಲುದು; ಒಂದು ಹೊಂಡದಿಂದ ಇನ್ನೊಂದು ಹೊಂಡಕ್ಕೆ ತೇವದ ನೆಲದ ಮೇಲೆ ತೆವಳಿಕೊಂಡು ಹೋಗಬಲ್ಲುದು. ಪೇಟೆಯ ತೊಟ್ಟಿಯಲ್ಲಿ ಗಂಟೆಗಟ್ಟಲೆ ಜೀವ ಹಿಡಿದಿರುವುದೂ ಇದರಿಂದಲೇ.

ಆದರೆ ಬಲವಾದದ್ದೇ ಬಲಹೀನತೆಯೂ ಆಗುವುದು ಪ್ರಕೃತಿಯ ನಿಯಮ. ಗಾಳಿ ಕುಡಿಯಲು ಮೇಲಕ್ಕೆ ಬಂದಾಗ ನೀರಿನ ಮೇಲೆ ಒಂದು ಬಳೆಯಂಥ ಅಲೆ ಏಳುತ್ತದೆ. ಅನುಭವಸ್ಥನಾದ ಗಾಳಗಾರ ಕಡ್ಡಿಯನ್ನು ಬೀಸುವ ಮುನ್ನ ಆ ಬಳೆಯನ್ನು ಹುಡುಕುತ್ತಾನೆ. ಮೀನು ತಾನಿರುವ ಸ್ಥಳವನ್ನು ತಾನೇ ಬರೆದು ತೋರಿಸಿದಂತೆ ಆಗುತ್ತದೆ.

ಉಷ್ಣತೆಯಲ್ಲ, ಮಳೆಯೇ ಕರೆಗಂಟೆ

ಚೆನ್ನೈಯಲ್ಲಿ ಅಮೆರಿಕದ ಚಳಿಗಾಲವಿಲ್ಲ. ಜನವರಿಯ ಮುಂಜಾವಿನಲ್ಲಿ ಕೂಡ ಇಲ್ಲಿನ ಗಾಳಿ ಇಪ್ಪತ್ತು ಡಿಗ್ರಿಯ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಆದುದರಿಂದ ಇಲ್ಲಿನ ಮೀನು ಚಳಿಗೆ ಮುದುಡಿ ಆಳಕ್ಕಿಳಿಯಬೇಕಾದ ಅಗತ್ಯವಿಲ್ಲ. ಬಾಸ್ ಮೀನಿಗೆ ನೀರಿನ ಬಿಸುಪು ಹೇಗೆ ಕರೆಗಂಟೆಯೋ ಹಾಗೆ ನಮ್ಮ ಕೊರವಕ್ಕೆ ಮಳೆ ಕರೆಗಂಟೆ. ಈ ನಗರದ ವಾರ್ಷಿಕ ಮಳೆಯ ಅರ್ಧಕ್ಕಿಂತ ಹೆಚ್ಚು ಭಾಗ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಸುರಿಯುತ್ತದೆ. ಹೊಸನೀರು ಬಂದು, ಬೇಸಗೆಯಲ್ಲಿ ಬಿರಿದಿದ್ದ ಕೆರೆಯಂಗಳ ಮುಳುಗಿ, ಹುಲ್ಲು ಆಪುಗಳ ನಡುವೆ ಮೊಣಕಾಲುದ್ದದ ನೀರು ನಿಂತಾಗ, ಕೊರವ ದಡಕ್ಕೆ ಬರುತ್ತದೆ. ನೀರು ಅನುಕೂಲವಾಗಿದ್ದರೆ ವರ್ಷದ ಬೇರೆ ತಿಂಗಳುಗಳಲ್ಲಿಯೂ ಅದು ಮರಿಮಾಡುವುದುಂಟು. ಆದರೆ ಮುಖ್ಯವಾದ ಕಾಲ ಮಳೆಯದೇ.

ಮೊಟ್ಟೆಯಿಡುವ ಮುನ್ನಿನ ಮೀನಿನ ಬೇಟೆ ನಮ್ಮ ಊರಿನವರಿಗೆ ಹೊಸತಲ್ಲ. ಮುಂಗಾರಿನ ಮೊದಲ ನೆರೆಯಲ್ಲಿ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೀನುಗಳು ಸಾಲುಗಟ್ಟಿ ಏರುವುದನ್ನು ಮಲೆನಾಡಿನವರು ‘ಹತ್ತುಮೀನು’ ಎನ್ನುತ್ತಾರೆ. ತುಳುನಾಡಿನಲ್ಲಿ ‘ಉಬರ್’ ಎನ್ನುತ್ತಾರೆ. ಕೂಣಿಯನ್ನಿಟ್ಟು, ದೀವಟಿಗೆಯನ್ನೋ ಟಾರ್ಚನ್ನೋ ಹಿಡಿದು, ರಾತ್ರಿಯೆಲ್ಲ ಮಳೆಯಲ್ಲಿ ನೆನೆಯುತ್ತ ಆ ಮೀನುಗಳನ್ನು ಹಿಡಿಯುವುದು ಹಳ್ಳಿಯ ಒಂದು ಹಬ್ಬವೇ ಸರಿ. ಹಿಡಿದ ಒಂದೊಂದು ಮೀನಿನ ಹೊಟ್ಟೆಯಲ್ಲಿಯೂ ಮುಂದಿನ ವರ್ಷದ ಮೀನಿನ ಬೀಜವಿತ್ತೆಂಬುದನ್ನು ಅಂದು ಯಾರೂ ಲೆಕ್ಕಹಾಕುತ್ತಿರಲಿಲ್ಲ. ಹೊಳೆಗಳು ತುಂಬಿದ್ದ ಕಾಲದಲ್ಲಿ ಆ ಲೆಕ್ಕ ಬೇಕಾಗಿಯೂ ಇರಲಿಲ್ಲ; ಇಂದು ಬೇಕಾಗಿದೆ.

ಕೇಸರಿ ಬಣ್ಣದ ಮರಿಗಳು

ಕೊರವದ ಸಂಸಾರ ನೋಡತಕ್ಕದ್ದು. ಗಂಡುಹೆಣ್ಣುಗಳೆರಡೂ ಕೂಡಿ ದಡದ ಜೊಂಡಿನ ನಡುವೆ ಸುಮಾರು ಒಂದು ಅಡಿ ಅಗಲದ ಸ್ಥಳವನ್ನು ಕಳೆಯಿಲ್ಲದಂತೆ ಬಿಡಿಸಿಕೊಳ್ಳುತ್ತವೆ. ಅಲ್ಲಿ ಹೆಣ್ಣು ಇಡುವ ಸಾವಿರಾರು ಮೊಟ್ಟೆಗಳು ತಳಕ್ಕೆ ಮುಳುಗುವುದಿಲ್ಲ. ಒಳಗಿನ ಎಣ್ಣೆಯ ಹನಿಯ ದೆಸೆಯಿಂದ ಹಳದಿ ಸಾಸಿವೆಯನ್ನು ಚೆಲ್ಲಿದಂತೆ ನೀರಿನ ಮೇಲೆಯೇ ತೇಲುತ್ತವೆ. ನಮ್ಮ ಹವೆಯಲ್ಲಿ ಒಂದು ಒಂದೂವರೆ ದಿನದೊಳಗೆ ಅವು ಒಡೆದು ಮರಿಗಳು ಹೊರಬೀಳುತ್ತವೆ. ಮೊದಲ ಎರಡು ಮೂರು ದಿನ ಅವಕ್ಕೆ ಈಜಲೂ ಬಾರದು. ಹುಟ್ಟುವಾಗ ತಂದ ಭಂಡಾರದ ಬುತ್ತಿಯನ್ನು ಉಣ್ಣುತ್ತ ಸುಮ್ಮನೆ ತೇಲಿಕೊಂಡಿರುತ್ತವೆ.

ಅನಂತರ ಅವುಗಳ ಮೈಗೆ ಬಣ್ಣ ಬರುತ್ತದೆ. ಹೋಟೆಲಿನಲ್ಲಿ ದುಡಿಯುವವರಿಗೆ ಬೇರೆ ಉಪಮೆ ಬೇಡ. ಕೇಸರಿಬಾತಿನ ಬಣ್ಣವೆಂದರೆ ಸಾಕು. ನೂರಾರು ಮರಿಗಳು ಒಂದೇ ಮುದ್ದೆಯಾಗಿ ನೀರಿನ ಮೇಲ್ಮೈಯಲ್ಲಿ ಚಲಿಸುತ್ತವೆ. ಅವು ಕೂಡ ಗಾಳಿಗಾಗಿ ಮೇಲಕ್ಕೆ ಬರುವುದರಿಂದ, ಬಿಸಿಲು ಕಾಯುತ್ತಿದ್ದರೂ ಆ ಒಂದು ಮೊರದಗಲದ ನೀರಿನ ಮೇಲೆ ಮಾತ್ರ ತುಂತುರು ಮಳೆ ಬಿದ್ದಂತೆ ಕಾಣುತ್ತದೆ. ಆ ಕೆಂಪು ಮೋಡದ ಕೆಳಗೆ, ಒಂದೆರಡು ಗೇಣು ಆಳದಲ್ಲಿ, ತಂದೆ ನಿಂತಿರುತ್ತದೆ. ಹಲವು ವೇಳೆ ತಾಯಿಯೂ ಇರುತ್ತದೆ. ಕಪ್ಪೆ ಬಂದರೆ ಕಪ್ಪೆಯ ಮೇಲೆ, ಹಾವು ಬಂದರೆ ಹಾವಿನ ಮೇಲೆ, ಇನ್ನೊಂದು ಮೀನು ಬಂದರೆ ಅದರ ಮೇಲೆ ಅದು ಎರಗುತ್ತದೆ. ಮರಿಗಳು ಬೆಳೆದು, ಬಣ್ಣ ಕಳೆದುಕೊಂಡು, ಚದರಿ ಹೋಗುವವರೆಗೆ ಹಲವು ವಾರಗಳ ಕಾಲ ಈ ಕಾವಲು ನಡೆಯುತ್ತದೆ. ನಮ್ಮ ಕೆರೆಗಳ ಈ ಮೀನನ್ನು ಕುರಿತು ಮದರಾಸಿನ ಸುಂದರರಾಜರು ೧೯೧೬ರಲ್ಲಿಯೂ, ಕೆ. ಎಚ್. ಆಲಿಕುಂಞಿಯವರು ೧೯೫೩ರಲ್ಲಿಯೂ ಪ್ರಕಟಿಸಿದ ಬರಹಗಳು ಮತ್ಸ್ಯಶಾಸ್ತ್ರದಲ್ಲಿ ಇಂದಿಗೂ ಉಲ್ಲೇಖಕ್ಕೆ ಬರುತ್ತವೆ.

ಕೋಪಕ್ಕೆ ಕೊಕ್ಕೆ

ಇನ್ನು ಗಾಳದವನ ವಿಷಯ. ಹಸಿದ ಮೀನನ್ನು ಹಿಡಿಯಲು ಎರೆ ಬೇಕು, ತಾಳ್ಮೆ ಬೇಕು, ಅದೃಷ್ಟವೂ ಬೇಕು. ಆದರೆ ಮರಿ ಕಾಯುವ ಕೊರವವನ್ನು ಹಿಡಿಯಲು ಇದಾವುದೂ ಬೇಡ. ರಬ್ಬರಿನ ಕಪ್ಪೆಯೊಂದನ್ನು ಆ ಕೆಂಪು ಮರಿಗಳ ನಡುವೆ ಎರಡು ಮೂರು ಸಲ ಎಳೆದಾಡಿಸಿದರೆ ಸಾಕು. ಮೀನು ತಿನ್ನುವ ಆಸೆಯಿಂದಲ್ಲ, ಮರಿಗಳನ್ನು ಉಳಿಸುವ ಆವೇಶದಿಂದ ಅದರ ಮೇಲೆ ಎರಗುತ್ತದೆ, ಕೊಕ್ಕೆಗೆ ಸಿಕ್ಕುತ್ತದೆ. ಕೋಲು ಬಾಗುತ್ತದೆ, ನೀರು ಚಿಮ್ಮುತ್ತದೆ, ದಡದಲ್ಲಿ ಚಿತ್ರ ತೆಗೆಯುತ್ತಾರೆ. ಏರಿಯ ಮೇಲೆ ಹೆಮ್ಮೆಯಿಂದ ಎತ್ತಿ ತೋರಿಸುವ ದೊಡ್ಡ ಮೀನುಗಳಲ್ಲಿ ಇಂಥವು ಕಡಮೆಯಲ್ಲ.

ಇತ್ತ ನೀರಿನಲ್ಲಿ ಏನಾಗುತ್ತದೆ? ಕಾವಲುಗಾರನಿಲ್ಲದ ಮರಿಗಳ ಮೇಲೆ ಸುತ್ತಲಿನ ಸಣ್ಣ ಮೀನುಗಳೂ, ಕಪ್ಪೆಗಳೂ, ಬೆಳ್ಳಕ್ಕಿಗಳೂ ಬೀಳುತ್ತವೆ. ಹಿಡಿದದ್ದು ಒಂದು ಮೀನು. ಹೋದದ್ದು ಒಂದು ಪೀಳಿಗೆ.

ಈ ವಿಷಯವನ್ನು ಅಮೆರಿಕದವರು ಬಾಸ್ ಮೀನಿನಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಗೂಡು ಕಾಯುವ ಗಂಡನ್ನು ಹಿಡಿದು ಕೆಲವೇ ನಿಮಿಷಗಳಲ್ಲಿ ಬಿಟ್ಟುಬಿಟ್ಟರೂ, ಅಷ್ಟರೊಳಗೆ ಬೇರೆ ಮೀನುಗಳು ಗೂಡಿಗೆ ನುಗ್ಗಿ ಮೊಟ್ಟೆಗಳನ್ನು ತಿಂದುಬಿಡುತ್ತವೆಂದೂ, ಹಿಂದಿರುಗಿದ ಗಂಡು ಎಷ್ಟೋ ಸಲ ಗೂಡನ್ನೇ ತೊರೆದು ಹೋಗುತ್ತದೆಂದೂ ಕಂಡುಕೊಂಡರು. ಇಲಿನಾಯ್ ಸಂಸ್ಥಾನದ ರಿಜ್ ಎಂಬ ಸಣ್ಣ ಕೆರೆಯಲ್ಲಿ ೧೯೭೫ರಲ್ಲಿ ಆರಂಭವಾದ ಒಂದು ದೀರ್ಘಕಾಲದ ಪ್ರಯೋಗದಿಂದ ಇನ್ನೂ ಆಶ್ಚರ್ಯಕರವಾದ ಸಂಗತಿ ಹೊರಬಿತ್ತು. ಗಾಳಕ್ಕೆ ಸುಲಭವಾಗಿ ಬೀಳುವ ಗುಣ ತಂದೆತಾಯಿಗಳಿಂದ ಮರಿಗಳಿಗೆ ಇಳಿದುಬರುತ್ತದೆಂಬುದೇ ಅದು. ೨೦೦೯ರಲ್ಲಿ ಪ್ರಕಟವಾದ ಈ ಪರಿಶೋಧನೆಯ ತಾತ್ಪರ್ಯವನ್ನು ಹೀಗೆ ಹೇಳಬಹುದು: ಆವೇಶದಿಂದ ಎರಗುವ ಗಂಡನ್ನೇ ವರ್ಷವರ್ಷವೂ ಹಿಡಿಯುತ್ತ ಹೋದರೆ ಕೊನೆಗೆ ಕೆರೆಯಲ್ಲಿ ಉಳಿಯುವುದು ಅಂಜುಬುರುಕ ಸಂತತಿ. ಕೆನಡಾ ದೇಶದ ಒಂಟಾರಿಯೋ ಪ್ರಾಂತದ ಅನೇಕ ಕಡೆಗಳಲ್ಲಿ ಜೂನ್ ತಿಂಗಳ ಉತ್ತರಾರ್ಧದವರೆಗೆ ಬಾಸ್ ಹಿಡಿಯುವುದನ್ನು ನಿಷೇಧಿಸಿರುವುದು ಗೂಡಿನ ಕಾಲ ಕಳೆಯಲಿ ಎಂಬ ಉದ್ದೇಶದಿಂದ.

ಕೊರವದಲ್ಲಿ ಅದೇ ಲೆಕ್ಕದ ಪ್ರಯೋಗ ಬೇಕೆಂದು ಕಾಯಬೇಕಾಗಿಲ್ಲ. ಕಾವಲು ತಪ್ಪಿದ ಮರಿಗಳ ಗತಿ ಏನೆಂಬುದನ್ನು ದಡದಲ್ಲಿ ಅರ್ಧ ಗಂಟೆ ಕುಳಿತವನು ಕಣ್ಣಾರೆ ಕಾಣಬಹುದು.

ಮಂಗಳೂರಿನ ಕಲೆಕ್ಟರನೊಬ್ಬನ ಮಾತು

ಮೀನಿನ ಸಂತಾನವನ್ನು ಉಳಿಸಬೇಕೆಂಬ ಕೂಗು ಈ ದೇಶದಲ್ಲಿ ಮೊದಲು ಎದ್ದ ಸ್ಥಳಗಳಲ್ಲಿ ನಮ್ಮ ದಕ್ಷಿಣ ಕನ್ನಡವೂ ಒಂದೆಂಬುದು ಅನೇಕರಿಗೆ ಗೊತ್ತಿರಲಾರದು. ಮದರಾಸು ಸಿವಿಲ್ ಸರ್ವಿಸಿಗೆ ಸೇರಿದ ಹೆನ್ರಿ ಸಲ್ಲಿವನ್ ಥಾಮಸ್ ಎಂಬವರು ಅಲ್ಲಿ ಕಲೆಕ್ಟರಾಗಿದ್ದರು. ಆ ಜಿಲ್ಲೆಯ ಹೊಳೆಗಳ ಮೀನಿನ ಸಾಕಣೆಯನ್ನು ಕುರಿತು ಅವರು ಬರೆದ ವರದಿ ೧೮೭೦ರಲ್ಲಿ ಅಚ್ಚಾಯಿತು. ೧೮೭೩ರಲ್ಲಿ ಅವರು ಪ್ರಕಟಿಸಿದ ‘ದಿ ರಾಡ್ ಇನ್ ಇಂಡಿಯಾ’ ಎಂಬ ಗ್ರಂಥ ಗಾಳದ ಹವ್ಯಾಸಿಗಳಿಗೆ ಬಹುಕಾಲ ಆಧಾರಗ್ರಂಥವಾಗಿತ್ತು. ೧೮೮೭ರಲ್ಲಿ ಅವರು ಬರೆದ ಇನ್ನೊಂದು ಪುಸ್ತಕದ ಹೆಸರು ‘ಟ್ಯಾಂಕ್ ಆಂಗ್ಲಿಂಗ್ ಇನ್ ಇಂಡಿಯಾ’. ಎಂದರೆ ನಮ್ಮ ಕೆರೆಗಳಲ್ಲಿ ಗಾಳ ಹಾಕುವ ಕ್ರಮ. ದಕ್ಷಿಣ ಕನ್ನಡದ ಹೊಳೆಗಳ ಒಂದು ಮೀನಿಗೆ ಫ್ರಾನ್ಸಿಸ್ ಡೇ ಎಂಬ ಪ್ರಸಿದ್ಧ ಮತ್ಸ್ಯಶಾಸ್ತ್ರಜ್ಞರು ಥಾಮಸರ ಹೆಸರನ್ನೇ ಇಟ್ಟರು.

ಥಾಮಸ್, ಡೇ ಮೊದಲಾದವರು ವಿಷಹಾಕಿ ಮೀನು ಕೊಲ್ಲುವುದನ್ನೂ, ಸಣ್ಣ ಕಣ್ಣಿನ ಬಲೆಯಿಂದ ಮರಿಗಳನ್ನು ಬಳಿಯುವುದನ್ನೂ ಕುರಿತು ಎಚ್ಚರಿಸುತ್ತ ಬಂದರು. ಕೊನೆಗೆ ೧೮೯೭ರಲ್ಲಿ ಬಂದ ಭಾರತದ ಮೀನುಗಾರಿಕೆಯ ಶಾಸನ ಸಿಡಿಮದ್ದಿನಿಂದಲೂ ವಿಷದಿಂದಲೂ ಮೀನು ಕೊಲ್ಲುವುದನ್ನು ಅಪರಾಧವೆಂದು ವಿಧಿಸಿತು. ೧೯೦೭ರಲ್ಲಿ ಸರ್ ಫ್ರೆಡರಿಕ್ ನಿಕಲ್ಸನ್ನರ ಮುಂದಾಳತ್ವದಲ್ಲಿ ಮದರಾಸಿನಲ್ಲಿ ಮೀನುಗಾರಿಕೆಯ ಇಲಾಖೆ ಹುಟ್ಟಿತು.

ಇದಕ್ಕೂ ಹಿಂದಿನ ಶಾಸನವೊಂದು ನಮ್ಮಲ್ಲಿಯೇ ಇತ್ತು. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ದೇವರ ಮೀನೆಂದು ಯಾರೂ ಗಾಳ ಹಾಕರು. ಅಲ್ಲಿ ಪೋಲೀಸಿನವರ ಕಾವಲು ಬೇಕಾಗಲಿಲ್ಲ, ನಂಬಿಕೆಯೇ ಕಾವಲಾಯಿತು. ಸಮುದ್ರದಲ್ಲಿ ಇಂದು ಅದೇ ಕೆಲಸವನ್ನು ಸರಕಾರದ ಆಜ್ಞೆ ಮಾಡುತ್ತಿದೆ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ ೧೫ರಿಂದ ಜೂನ್ ೧೪ರವರೆಗೆ ೬೧ ದಿನಗಳ ಕಾಲ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ; ನಮ್ಮ ಪಶ್ಚಿಮ ಕರಾವಳಿಯಲ್ಲಿ ಆ ವಿರಾಮ ಮಳೆಗಾಲದಲ್ಲಿ ಬರುತ್ತದೆ. ಮಲ್ಪೆಯ ಮೀನುಗಾರನಿಗೂ ಕಾಶಿಮೇಡಿನ ಮೀನುಗಾರನಿಗೂ ಅದರಿಂದ ಕಷ್ಟವುಂಟು, ಆದರೂ ತಾಳಿಕೊಳ್ಳುತ್ತಾರೆ. ಹೊಟ್ಟೆಪಾಡಿಗಾಗಿ ಮೀನು ಹಿಡಿಯುವವನು ಅರುವತ್ತು ದಿನ ಬಲೆಯನ್ನು ಮಡಿಸಿಡುವಾಗ, ಹೊತ್ತು ಕಳೆಯಲೆಂದು ಗಾಳ ಹಿಡಿಯುವವನು ಒಂದು ಕೆಂಪು ಮರಿಗುಂಪನ್ನು ದಾಟಿ ಹತ್ತು ಮಾರು ಆಚೆಗೆ ಹೋಗಲಾರನೆ?

ಕೆರೆಯಿದ್ದರೆ ಮೀನು

ಮೀನಿನ ಮಾತಾಡುವಾಗ ಕೆರೆಯ ಮಾತನ್ನು ಬಿಡುವಂತಿಲ್ಲ. ಇಂದು ನಮ್ಮವರ ಅನೇಕ ಹೋಟೆಲುಗಳೂ ಮನೆಗಳೂ ಇರುವ ತ್ಯಾಗರಾಯನಗರ ಒಂದು ಕಾಲದಲ್ಲಿ ಕೆರೆಯಂಗಳ. ಮೈಲಾಪುರದಿಂದ ನುಂಗಂಬಾಕ್ಕದವರೆಗೆ ಉದ್ದಕ್ಕೂ ಚಾಚಿದ್ದ ‘ಲಾಂಗ್ ಟ್ಯಾಂಕ್’ ಎಂಬ ಜಲರಾಶಿಯ ಭಾಗವನ್ನು ೧೯೨೦ರ ದಶಕದಲ್ಲಿ ಹೂಳಿ ಈ ಬಡಾವಣೆಯನ್ನು ಕಟ್ಟಿದರು. ೧೯೭೬ರಲ್ಲಿ ತೆರೆದ ವಳ್ಳುವರ್ ಕೋಟ್ಟಂ ನಿಂತಿರುವುದೂ ಹಳೆಯ ಕೆರೆಯ ನೆಲದ ಮೇಲೆಯೇ. ಪೇಟೆಯ ಗದ್ದಲದಲ್ಲಿ ನಡೆದಾಡುವವರ ಕಾಲಡಿಯಲ್ಲಿ ಒಮ್ಮೆ ಕೊರವಗಳು ಮರಿ ಕಾಯುತ್ತಿದ್ದುವೆಂದರೆ ನಂಬುವುದು ಕಷ್ಟ.

ನಗರಕ್ಕೆ ಕುಡಿಯುವ ನೀರನ್ನು ಒದಗಿಸುವ ದೊಡ್ಡ ಕೆರೆಗಳು ಉಳಿದಿವೆ. ಚೆಂಬರಂಬಾಕ್ಕಂ ಕೆರೆ ತುಂಬಿದರೆ ೨೪ ಅಡಿ ಆಳ, ೩,೬೪೫ ದಶಲಕ್ಷ ಘನ ಅಡಿ ನೀರು ಹಿಡಿಯುತ್ತದೆ. ಪುಳಲ್, ಎಂದರೆ ರೆಡ್ ಹಿಲ್ಸ್ ಕೆರೆ, ೩,೩೦೦ ದಶಲಕ್ಷ ಘನ ಅಡಿ. ಆದರೆ ಈ ಕೆರೆಗಳ ಪಾಡು ವರ್ಷದಿಂದ ವರ್ಷಕ್ಕೆ ಬೇರೆ. ೨೦೧೫ರ ಡಿಸೆಂಬರಿನಲ್ಲಿ ಚೆಂಬರಂಬಾಕ್ಕದಿಂದ ಬಿಟ್ಟ ನೀರೂ ಸೇರಿ ಅಡಯಾರು ನದಿ ಉಕ್ಕಿ ನಗರವನ್ನು ಮುಳುಗಿಸಿದ್ದನ್ನು ಕಂಡವರು ಮರೆಯಲಾರರು. ನಾಲ್ಕು ವರ್ಷ ಕಳೆಯುವುದರೊಳಗೆ, ೨೦೧೯ರ ಜೂನ್ ತಿಂಗಳಲ್ಲಿ, ಅದೇ ಕೆರೆಯ ತಳ ಬಿರುಕುಬಿಟ್ಟಿತು. ನೀರಿಲ್ಲದೆ ಎಷ್ಟೋ ಹೋಟೆಲುಗಳು ಮಧ್ಯಾಹ್ನದ ಊಟವನ್ನು ನಿಲ್ಲಿಸಿದುವು, ಕೆಲವು ಬಾಗಿಲನ್ನೇ ಹಾಕಿದುವು. ಕೆರೆಯ ಕ್ಷೇಮಕ್ಕೂ ಹೋಟೆಲಿನ ತಟ್ಟೆಲೋಟಕ್ಕೂ ಉಳ್ಳ ನಂಟನ್ನು ನಮ್ಮವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಹೊರಗಿನಿಂದ ಬಂದ ಮೀನುಗಳ ಕಾಟ ಇನ್ನೊಂದು. ೧೯೫೨ರಲ್ಲಿ ಭಾರತಕ್ಕೆ ತಂದ ಆಫ್ರಿಕದ ತಿಲಾಪಿಯ ಇಲ್ಲಿನ ನೀರುಗಳಲ್ಲೆಲ್ಲ ಹರಡಿತು. ಚೆನ್ನೈಯವರು ಇದನ್ನು ‘ಜಿಲೇಬಿ’ ಎಂದು ಕರೆಯುತ್ತಾರೆ. ನಮ್ಮ ಗಾಜಿನ ಪೆಟ್ಟಿಗೆಯ ಜಿಲೇಬಿಯ ಹೆಸರನ್ನು ಮೀನಿಗೆ ಕೇಳಿ ಹೊಸದಾಗಿ ಬಂದ ಹುಡುಗರು ತಬ್ಬಿಬ್ಬಾಗುವುದುಂಟು. ಅಲಂಕಾರದ ತೊಟ್ಟಿಗಳಿಂದ ತಪ್ಪಿಸಿಕೊಂಡ ಮುಳ್ಳುಮೈಯ ಮೀನುಗಳೂ ಈಗ ಕೆರೆಗಳಲ್ಲಿ ತುಂಬಿವೆ. ಸಣ್ಣಪುಟ್ಟ ಮೀನುಗಳನ್ನು ಬೇಟೆಯಾಡಿ ಕೆರೆಯ ಸಮತೋಲವನ್ನು ಕಾಯುವ ನಮ್ಮ ನಾಡಿನ ಬೇಟೆಗಾರ ಕೊರವ. ಅದರ ಸಂಖ್ಯೆ ತಗ್ಗಿದರೆ ನಷ್ಟ ಗಾಳದವನಿಗೆ ಮಾತ್ರವಲ್ಲ.

ಗಾಳ ಹಿಡಿಯುವವರಿಗೆ ನಾಲ್ಕು ಮಾತು

ಇಷ್ಟರಿಂದ ಗಾಳವನ್ನೇ ಮುರಿದೊಗೆಯಬೇಕೆಂದು ಹೇಳಿದಂತಾಗಲಿಲ್ಲ. ನೀರಿನ ದಡದಲ್ಲಿ ನಾಲ್ಕು ಗಂಟೆ ಸುಮ್ಮನೆ ಕುಳಿತಿರುವುದು, ಹಗಲಿರುಳು ಸಪ್ಲೈಯ ಕೂಗು ಕೇಳುವ ಕಿವಿಗೂ, ಲೆಡ್ಜರಿನ ಮೇಲೆ ಬಗ್ಗಿದ ಬೆನ್ನಿಗೂ ಒಳ್ಳೆಯ ಔಷಧ. ಆದರೆ ಕೆಲವು ನಿಯಮಗಳನ್ನು ಪಾಲಿಸತಕ್ಕದ್ದು.

ಮೊದಲನೆಯದು, ಅನುಮತಿ. ಕೆರೆಗಳ ಮೀನಿನ ಹಕ್ಕನ್ನು ಸಾಮಾನ್ಯವಾಗಿ ಮೀನುಗಾರರ ಸಂಘಗಳಿಗೋ ಗುತ್ತಿಗೆದಾರರಿಗೋ ಕೊಟ್ಟಿರುತ್ತಾರೆ. ಕುಡಿಯುವ ನೀರಿನ ಕೆರೆಗಳಿಗೆ ಬೇರೆ ನಿರ್ಬಂಧಗಳೂ ಇರುತ್ತವೆ. ಕೇಳದೆ ಗಾಳ ಇಳಿಬಿಟ್ಟರೆ ಪರಸ್ಥಳದಲ್ಲಿ ಮಾನ ಕಳೆದುಕೊಳ್ಳುವ ಪ್ರಸಂಗ ಬಂದೀತು. ನಗರದ ನಡುವೆ ಉಳಿದಿರುವ ಚೇಟ್‌ಪೇಟೆಯ ಕೆರೆಯನ್ನು ಮೀನುಗಾರಿಕೆಯ ಇಲಾಖೆಯವರು ದುರಸ್ತುಮಾಡಿ ೨೦೧೬ರಲ್ಲಿ ಉದ್ಯಾನವಾಗಿ ತೆರೆದಾಗ, ಗಾಳ ಹಾಕುವವರಿಗೂ ಅವಕಾಶ ಕಲ್ಪಿಸಿದ್ದರು. ಹೋಗುವ ಮುನ್ನ ಅಲ್ಲಿನ ವೇಳೆ ಮತ್ತು ಶುಲ್ಕವನ್ನು ವಿಚಾರಿಸಿಕೊಳ್ಳುವುದು ಲೇಸು.

ಎರಡನೆಯದು, ಕಾಲ ಮತ್ತು ಸ್ಥಳ. ಕೊರವ ಹೊತ್ತುಮೂಡುವಾಗಲೂ ಹೊತ್ತುಮುಳುಗುವಾಗಲೂ ಬೇಟೆಗೆ ಹೊರಡುತ್ತದೆ. ತಾವರೆಯೆಲೆಯ ಅಂಚು, ಜೊಂಡಿನ ಬುಡ, ತೂಬಿನ ಹತ್ತಿರದ ನೆರಳು ಅದಕ್ಕೆ ಪ್ರಿಯ. ಏರಿಯ ಮೇಲೆ ಕಾಲು ಅಪ್ಪಳಿಸಬಾರದು. ನೆಲದ ಅದುರು ನೀರಿಗೆ ಮುಟ್ಟುತ್ತದೆ. ಒಂಟಿಯಾಗಿ ಏಳುವ ದೊಡ್ಡ ಬಳೆ ಕಂಡರೆ ಅಲ್ಲಿ ಗಾಳ ಹಾಕಬಹುದು. ತುಂತುರು ಮಳೆಯಂತೆ ನೀರು ಕುದಿಯುವುದು ಕಂಡರೆ, ಕೆಂಪು ಛಾಯೆ ಕಂಡರೆ, ಅದು ಮರಿಗಳ ಸ್ಥಳ, ಅದನ್ನು ಬಿಟ್ಟುಬಿಡತಕ್ಕದ್ದು. ಜೊತೆಯವನಿಗೂ ಕೈತೋರಿಸಿ ಹೇಳತಕ್ಕದ್ದು.

ಮೂರನೆಯದು, ಸಾಧನ. ಜೀವಂತ ಕಪ್ಪೆಯನ್ನು ಕೊಕ್ಕೆಗೆ ಚುಚ್ಚುವ ಕ್ರೌರ್ಯ ಬೇಡ, ರಬ್ಬರಿನದು ಸಾಕು. ಕೊಕ್ಕೆಯ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಕೊಂಡರೆ ಬೇಡವಾದ ಮೀನನ್ನು ನೋಯಿಸದೆ ಬಿಡಬಹುದು. ಬಿಡುವ ಮುನ್ನ ಕೈಯನ್ನು ನೀರಿನಲ್ಲಿ ನೆನೆಸಿಕೊಳ್ಳಬೇಕು. ಒಣಕೈಗೆ ಮೀನಿನ ಮೈಯ ಲೋಳೆ ಅಂಟಿಬಂದರೆ ಅದಕ್ಕೆ ರೋಗ ತಗಲುತ್ತದೆ. ತುಂಡಾದ ನೈಲಾನ್ ನೂಲನ್ನು ದಡದಲ್ಲಿ ಎಸೆಯಬಾರದು. ಚಳಿಗಾಲದಲ್ಲಿ ಬರುವ ಹಕ್ಕಿಗಳ ಕಾಲಿಗೆ ಅದು ಉರುಳಾಗುತ್ತದೆ.

ನಾಲ್ಕನೆಯದು, ದೇಹರಕ್ಷಣೆ. ಚರಂಡಿಯ ನೀರು ಸೇರುವ ಕೆರೆಯ ಮೀನನ್ನು ತಿನ್ನುವುದು ಒಳಿತಲ್ಲ. ಆ ನೀರಿನ ವಿಷ ಮೀನಿನ ಮೈಯಲ್ಲಿ ನೆಲೆಸಿರಬಹುದು. ಮಣ್ಣು ತೆಗೆದ ಗುಂಡಿಗಳು ಕೆರೆಯಂಗಳದಲ್ಲಿ ಎಲ್ಲಿರುತ್ತವೆಂದು ಮೇಲಿನಿಂದ ಕಾಣಿಸದು. ಸಿಕ್ಕಿಹಾಕಿಕೊಂಡ ಕೊಕ್ಕೆಯನ್ನು ಬಿಡಿಸಲು ನೀರಿಗಿಳಿಯುವವನು ಹತ್ತು ರೂಪಾಯಿಯ ಕೊಕ್ಕೆಗಾಗಿ ಊರಿನಲ್ಲಿರುವ ತಾಯಿಯನ್ನು ಮರೆತಂತೆ. ಒಂಟಿಯಾಗಿ ಹೋಗಬಾರದು, ಈಜು ಬಲ್ಲೆನೆಂಬ ಹೆಮ್ಮೆ ಕಳೆಯ ಬಳ್ಳಿಗಳ ನಡುವೆ ನಡೆಯದು.

ಗಾಳ ಹಿಡಿಯದ ವಾಚಕರಿಗೂ ಒಂದು ಮಾತು. ಮಳೆ ನಿಂತ ಮೇಲಿನ ಒಂದು ರಜೆಯ ದಿನ, ಬೆಳಗಿನ ಟಿ ಮುಗಿಸಿಕೊಂಡು, ಹತ್ತಿರದ ಯಾವುದಾದರೊಂದು ಕೆರೆಯ ಏರಿಯ ಮೇಲೆ ಹೋಗಿ ನಿಲ್ಲಿರಿ. ಬಿಸಿಲೇರುವ ಮುನ್ನ ಜೊಂಡಿನ ಅಂಚನ್ನು ಕಣ್ಣಿಟ್ಟು ನೋಡಿರಿ. ಅದೃಷ್ಟವಿದ್ದರೆ ಒಂದು ಕೆಂಪು ಮೋಡ ನೀರಿನ ಮೇಲೆ ಮೆಲ್ಲಗೆ ಸರಿಯುವುದು ಕಂಡೀತು. ಅದರ ಕೆಳಗೆ ತಾನು ನೆಮ್ಮದಿಯಾಗಿ ಉಣ್ಣುವುದನ್ನು ಬಿಟ್ಟು ಮಕ್ಕಳನ್ನು ಕಾಯುತ್ತಿರುವ ಕಪ್ಪು ನೆರಳೊಂದು ಕಂಡೀತು. ದೂರದ ಊರಿನಲ್ಲಿ ಸಂಸಾರವನ್ನಿಟ್ಟು, ಇಲ್ಲಿ ದುಡಿದು, ತಿಂಗಳು ತಿಂಗಳೂ ಮನೆಗೆ ಹಣ ಕಳುಹುವ ನಮ್ಮವರಿಗೆ ಆ ನೆರಳಿನ ಕಷ್ಟವನ್ನು ಬೇರೆಯವರು ತಿಳಿಸಬೇಕಾಗಿಲ್ಲ.